ಸ್ಟಾಕ್‌ಹೋಮ್‌ನ ಮನೆ ಬಾಗಿಲಿಂದಲೇ ಹೊರಡುವ ಚಾರಣಗಳು

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಸ್ಟಾಕ್‌ಹೋಮ್‌ಗೆ ಬಂದು ಮೂರು ವರ್ಷವಾಯಿತು. ನಗರದ ದಕ್ಷಿಣಕ್ಕೆ, ಮೆಟ್ರೋದ ಹಸಿರು ಲೈನಿನ ಹತ್ತಿರ ಮನೆ. ಮಗಳಿಗೆ ಒಂಬತ್ತು, ಮಗನಿಗೆ ಆರು. ಕಾರಿಲ್ಲ. ಎಲ್ಲರೂ ಉತ್ತರದ ಕುಂಗ್ಸ್‌ಲೇಡನ್ ದಾರಿಗೆ ಹೋಗಿ ಅಂತಾರೆ. ನಮಗೆ ಅಷ್ಟು ರಜೆ ಇಲ್ಲ, ಮಕ್ಕಳು ಅಷ್ಟು ನಡೆಯುವುದೂ ಇಲ್ಲ. ಪ್ರತಿ ಭಾನುವಾರ ಅದೇ ಕೆರೆ ಸುತ್ತಿ ಸುತ್ತಿ ಬೇಜಾರಾಗಿದೆ. ಮನೆ ಹತ್ತಿರವೇ ಸ್ವಲ್ಪ ಬೇರೆ ಥರದ ಚಾರಣ ಇದೆಯಾ? ರಾತ್ರಿ ಹೊತ್ತು ಕಾಡಿಗೆ ಹೋಗಬಹುದಾ? ನನ್ನ ತಮ್ಮ ಓಸ್ಲೋದಲ್ಲಿದ್ದಾನೆ, ಅವನಿಗೂ ಏನಾದರೂ ಹೇಳಿ.

ಉತ್ತರ: ಅದೇ ಕೆರೆ ಅಂದಿರಿ. ಆದರೆ ಆ ಕೆರೆಯನ್ನು ನೀವು ನೋಡಿರುವುದು ಭಾನುವಾರ ಮಧ್ಯಾಹ್ನ ಮಾತ್ರ, ಅಲ್ವಾ? ಬೆಳಗಿನ ಜಾವ ಮೂರು ಗಂಟೆಗೆ ನೋಡಿಲ್ಲ. ಫೆಬ್ರವರಿಯಲ್ಲಿ ಅದರ ನಟ್ಟನಡುವೆ ನಿಂತು ದಡವನ್ನು ನೋಡಿಲ್ಲ. ಹದಿನೇಳು ವರ್ಷದಿಂದ ನಾನು ಈ ಊರಿನ ಸುತ್ತ ನಡೆಯುತ್ತಿದ್ದೇನೆ, ಸಣ್ಣ ಗುಂಪುಗಳನ್ನು ಕರೆದುಕೊಂಡೂ ಹೋಗುತ್ತೇನೆ. ಇಲ್ಲಿ ಜಾಗ ಬದಲಿಸುವುದಕ್ಕಿಂತ ಹೊತ್ತು ಬದಲಿಸಿದರೆ ಜಾಸ್ತಿ ಸಿಗುತ್ತದೆ ಎಂಬುದು ನನ್ನ ಅನುಭವ. ನಮ್ಮೂರಲ್ಲಿ ವರ್ಷವಿಡೀ ಹಗಲು ಹನ್ನೆರಡು ಗಂಟೆಯ ಆಸುಪಾಸಿನಲ್ಲೇ ಇರುತ್ತದೆ. ಇಲ್ಲಿ ಜೂನ್‌ನಲ್ಲಿ ಹದಿನೆಂಟು ಗಂಟೆ ದಾಟುತ್ತದೆ, ಡಿಸೆಂಬರ್‌ನಲ್ಲಿ ಆರು ಗಂಟೆಗೆ ಇಳಿಯುತ್ತದೆ. ಒಂದೇ ಕಾಲುದಾರಿ ವರ್ಷದಲ್ಲಿ ನಾಲ್ಕೈದು ಬೇರೆ ಬೇರೆ ದಾರಿಗಳಾಗುತ್ತದೆ.

ಮೊದಲು ಹಕ್ಕಿನ ವಿಷಯ. ಮಲೆನಾಡಿನಲ್ಲಿ ಬೆಳೆದವರಿಗೆ ಕಾಡು ಅಂದ ಕೂಡಲೇ ಅರಣ್ಯ ಇಲಾಖೆ, ಚೆಕ್‌ಪೋಸ್ಟ್, ಅನುಮತಿ ನೆನಪಾಗುತ್ತದೆ. ಸ್ವೀಡನ್ನಿನಲ್ಲಿ ಅಲ್ಲೆಮಾನ್ಸ್‌ರೆಟ್ಟನ್ ಎಂಬ ಹಕ್ಕಿದೆ. ಕಾಡು ಯಾರದ್ದೇ ಆಗಿರಲಿ, ಯಾರು ಬೇಕಾದರೂ ಅದರಲ್ಲಿ ನಡೆಯಬಹುದು. ಒಂದೆರಡು ರಾತ್ರಿ ಟೆಂಟ್ ಹಾಕಬಹುದು. ಕಾಡು ಹಣ್ಣು, ಅಣಬೆ ಆರಿಸಿಕೊಳ್ಳಬಹುದು. ಹಳೆಯ ರೂಢಿ ಇದು. 1994ರಲ್ಲಿ ಸಂವಿಧಾನದಲ್ಲೂ ಸೇರಿತು. ಇದರ ಜೊತೆ ಜನ ಸದಾ ಹೇಳುವ ಮಾತೊಂದಿದೆ: ತೊಂದರೆ ಕೊಡಬೇಡ, ಹಾಳು ಮಾಡಬೇಡ. ಮನೆಗಳ ಅಂಗಳಕ್ಕೂ ಬೆಳೆದ ಹೊಲಕ್ಕೂ ಕಾಲಿಡುವ ಹಾಗಿಲ್ಲ. ಬೇಸಿಗೆಯಲ್ಲಿ ಒಣಹವೆ ಇದ್ದಾಗ ಬೆಂಕಿ ಹಚ್ಚುವುದನ್ನೇ ನಿಷೇಧಿಸುತ್ತಾರೆ, ಹೊರಡುವ ಮುಂಚೆ ನೋಡಿಕೊಳ್ಳಬೇಕು. ಬರೀ ಬಂಡೆಯ ಮೇಲಂತೂ ಯಾವತ್ತೂ ಬೆಂಕಿ ಹಾಕಬೇಡಿ. ಕಲ್ಲು ಸೀಳಿ ಹೋಗುತ್ತದೆ, ಆ ಗಾಯ ಮಾಯುವುದಿಲ್ಲ. ರಾಷ್ಟ್ರೀಯ ಉದ್ಯಾನ, ಮೀಸಲು ಕಾಡುಗಳಿಗೆ ಅವವೇ ನಿಯಮಗಳಿವೆ. ಬಾಗಿಲಲ್ಲೇ ಬೋರ್ಡ್ ಇರುತ್ತದೆ, ನಿಂತು ಓದಿ.

ಈಗ ನಿಮ್ಮ ಮನೆಯಿಂದಲೇ ಹೊರಡೋಣ. ಹಸಿರು ಲೈನಿನಲ್ಲಿ ಬ್ಯೋರ್ಕ್‌ಹಾಗನ್ ಎಂಬ ಸ್ಟೇಷನ್ ಇದೆ. ಸೋರ್ಮ್‌ಲ್ಯಾಂಡ್ಸ್‌ಲೇಡನ್ ಎಂಬ ಉದ್ದದ ಚಾರಣದ ದಾರಿ ಶುರುವಾಗುವುದೇ ಅಲ್ಲಿಂದ. ಕವಲುಗಳೆಲ್ಲ ಸೇರಿ ಸುಮಾರು 1000 ಕಿ.ಮೀ. ಇದೆ. ಮರಗಳ ಮೇಲೆ ಕಿತ್ತಳೆ ಬಣ್ಣದ ಗುರುತು. ಸಾವಿರ ಕಿಲೋಮೀಟರ್ ದಾರಿಗೆ ಮೆಟ್ರೋ ಟಿಕೆಟ್ ಸಾಕು ಎಂಬುದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ. ಸ್ಟೇಷನ್ನಿನಿಂದ ಸ್ವಲ್ಪ ಹೊತ್ತಿಗೇ ಕಾಡು ಸಿಗುತ್ತದೆ. ಮೂರ್ನಾಲ್ಕು ಕಿಲೋಮೀಟರ್ ಹೋದರೆ ಹೆಲ್ಲಾಸ್‌ಗೋರ್ಡನ್ ಎಂಬ ವಿಹಾರ ಕೇಂದ್ರ, ಅದರ ಪಕ್ಕ ಶೆಲ್‌ಟೋರ್ಪ್ ಕೆರೆ. ಬಹುಶಃ ನೀವು ಸುತ್ತುವ ಕೆರೆಯೂ ಇದೇ ಇರಬೇಕು!

ಈ ದಾರಿಯನ್ನು ಜೂನ್ ಮಧ್ಯದಲ್ಲಿ ರಾತ್ರಿ ನಡೆಯಿರಿ. ಆಗ ಸೂರ್ಯ ಮುಳುಗುವುದು ರಾತ್ರಿ ಹತ್ತರ ಮೇಲೆ, ಹುಟ್ಟುವುದು ಬೆಳಗಿನ ಜಾವ ಮೂರೂವರೆಗೆ. ನಡುವೆ ಪೂರ್ತಿ ಕತ್ತಲು ಬರುವುದೇ ಇಲ್ಲ. ಉತ್ತರ ದಿಕ್ಕಿನಲ್ಲಿ ಒಂದು ನಸು ಬೆಳಕು ನಿಂತೇ ಇರುತ್ತದೆ. ಶುಕ್ರವಾರ, ಶನಿವಾರ ರಾತ್ರಿ ಮೆಟ್ರೋ ಇಡೀ ರಾತ್ರಿ ಓಡುತ್ತದೆ, ಹಾಗಾಗಿ ವಾಪಸ್ ಬರುವ ಚಿಂತೆಯಿಲ್ಲ. ಮಕ್ಕಳನ್ನು ಸಂಜೆ ಏಳಕ್ಕೇ ಮಲಗಿಸಿ. ಒಂದೂವರೆಗೆ ಎಬ್ಬಿಸಿ. ಮೊದಲ ಹತ್ತು ನಿಮಿಷ ಅಳು, ಗೊಣಗಾಟ ಇರುತ್ತದೆ. ಆಮೇಲೆ ನೋಡಿ. ರಾತ್ರಿ ಕಾಡಿಗೆ ಕರೆದುಕೊಂಡು ಹೋದ ಮಕ್ಕಳು ಹಗಲಿನ ಹಾಗೆ ‘ಇನ್ನೆಷ್ಟು ದೂರ’ ಅಂತ ಕೇಳುವುದನ್ನು ನಾನು ಕಂಡಿಲ್ಲ. ಕಿವಿ ಅಗಲಿಸಿಕೊಂಡು ನಡೆಯುತ್ತಾರೆ.

ನೀರಿನ ಹತ್ತಿರದ ಪೊದೆಗಳಲ್ಲಿ ಆ ಹೊತ್ತಿಗೆ ನೆಕ್ಟರ್‌ಗಾಲ್ ಎಂಬ ಹಕ್ಕಿ ಹಾಡುತ್ತಿರುತ್ತದೆ. ನೋಡಲು ಕಂದು ಬಣ್ಣದ ಸಾಧಾರಣ ಹಕ್ಕಿ, ದನಿ ಮಾತ್ರ ಕೆರೆಯಾಚೆಗೂ ಕೇಳುತ್ತದೆ. ಮೂರು ಗಂಟೆಗೆಲ್ಲ ಉಳಿದ ಹಕ್ಕಿಗಳು ಒಂದೊಂದಾಗಿ ಸೇರಿಕೊಳ್ಳುತ್ತವೆ. ಕೆರೆಯಿಂದ ಮಂಜು ಏಳುತ್ತದೆ. ಪೂರ್ವಕ್ಕೆ ಮುಖ ಮಾಡಿದ ಒಂದು ಬಂಡೆ ನೋಡಿ ಕೂತುಬಿಡಿ. ಕ್ಯಾಂಪ್ ಸ್ಟೋವ್‌ನಲ್ಲಿ ಹಾಲು ಬಿಸಿ ಮಾಡಿ, ಮನೆಯಿಂದ ತಂದ ಅವಲಕ್ಕಿ ಬಿಚ್ಚಿ. ಸೂರ್ಯ ಬಂದ ಮೇಲೆ ಬಂದ ದಾರಿಯಲ್ಲೇ ಹಿಂತಿರುಗಿದರೆ ಆರಕ್ಕೆಲ್ಲ ಮನೆ. ಇಡೀ ಶನಿವಾರ ಕೈಯಲ್ಲಿರುತ್ತದೆ, ನಿದ್ದೆ ಮಾಡಲಿಕ್ಕೆ!

ಇದು ಒಗ್ಗಿದ ಮೇಲೆ ತೀರೆಸ್ಟಾಗೆ ಹೋಗಿ. ನಗರದಿಂದ ಸುಮಾರು 20 ಕಿ.ಮೀ. ಆಗ್ನೇಯಕ್ಕಿದೆ. 1993ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಹಂಡೆನ್ ಸ್ಟೇಷನ್ನಿನಿಂದ ತೀರೆಸ್ಟಾ ಹಳ್ಳಿಗೆ ಬಸ್ಸಿದೆ. ಯಾರೂ ಕಡಿಯದೆ ಬಿಟ್ಟ ಕಾಡು ಇದು. ಕೆಲವು ಪೈನ್ ಮರಗಳಿಗೆ ನಾನೂರು ವರ್ಷ. ಆದರೆ ನಾನು ಜನರನ್ನು ಮೊದಲು ಕರೆದುಕೊಂಡು ಹೋಗುವುದು ಹಳೆಯ ಮರಗಳ ಹತ್ತಿರಕ್ಕಲ್ಲ, ಸುಟ್ಟ ಜಾಗಕ್ಕೆ. 1999ರ ಆಗಸ್ಟ್‌ನಲ್ಲಿ ಇಲ್ಲಿ ದೊಡ್ಡ ಕಾಡ್ಗಿಚ್ಚಾಯಿತು. ಸುಮಾರು 450 ಹೆಕ್ಟೇರ್, ಅಂದರೆ ಸಾವಿರದ ನೂರು ಎಕರೆಯಷ್ಟು ಸುಟ್ಟಿತು. ಇಲ್ಲಿ ಬಂಡೆಯ ಮೇಲಿನ ಮಣ್ಣು ತೀರಾ ತೆಳು. ಮಣ್ಣು ಅಂದರೆ ನಮ್ಮ ಕೆಂಪು ಮಣ್ಣಲ್ಲ, ಒಣಗಿದ ಎಲೆ ಬೇರುಗಳ ಪದರ. ಬೆಂಕಿ ಆ ಪದರವನ್ನೇ ತಿಂದುಹಾಕಿತು. ಬೇರಿಗೆ ಹಿಡಿತ ತಪ್ಪಿ, ಕಾಂಡ ಪೂರ್ತಿ ಸುಡದ ಮರಗಳೂ ಒಂದರ ಮೇಲೊಂದು ಉರುಳಿದವು.

ಈಗ ಅಲ್ಲಿ ಬೂದು ಬಣ್ಣದ ಆ ಹಳೆಯ ಕಾಂಡಗಳ ನಡುವೆ ಬರ್ಚ್, ಆಸ್ಪೆನ್, ಎಳೆಯ ಪೈನ್ ಬೆಳೆದಿವೆ. ಸ್ವೇಡ್ಯೆನೇವಾ ಎಂಬ ನೀಲಿ ಹೂವಿನ ಗಿಡವೂ ಬೆಂಕಿಯ ನಂತರ ಇಲ್ಲಿ ಕಾಣಿಸಿಕೊಂಡಿತ್ತು. ಅದರ ಬೀಜ ಮಣ್ಣಿನಲ್ಲಿ ದಶಕಗಟ್ಟಲೆ ಸುಮ್ನೆ ಬಿದ್ದಿರುತ್ತದೆ. ಬೆಂಕಿಯ ಬಿಸಿ ತಾಗಿದ ಮೇಲೇ ಮೊಳೆಯುತ್ತದೆ. ಸುಟ್ಟ ಜಾಗದಲ್ಲಿ ಒಂದೆರಡು ವರ್ಷ ಹೂಬಿಟ್ಟು, ಬೀಜ ಉದುರಿಸಿ, ಮುಂದಿನ ಬೆಂಕಿಯವರೆಗೆ ಮತ್ತೆ ಮಾಯ. ನಿಮ್ಮ ಮಗಳಿಗೆ ಇದನ್ನು ಹೇಳಿ. ಕಾಲ ಕೆಳಗೆ ಅಂಥ ಬೀಜ ಎಷ್ಟಿರಬಹುದು ಎಂದು ಅವಳು ಯೋಚಿಸುತ್ತಾ ನಡೆಯಲಿ. ಇಲ್ಲಿ ಟೆಂಟ್ ಹಾಕುವುದೂ ಬೆಂಕಿ ಮಾಡುವುದೂ ಗುರುತು ಮಾಡಿದ ಜಾಗದಲ್ಲಿ ಮಾತ್ರ. ಸುಟ್ಟ ಕಾಡನ್ನು ಕಣ್ಣಾರೆ ನೋಡಿದ ಮೇಲೆ ಆ ನಿಯಮದ ಕಾರಣ ಯಾರೂ ಕೇಳುವುದಿಲ್ಲ.

ತೀರೆಸ್ಟಾದ ಬಂಡೆಗಳನ್ನೂ ನೋಡಿ. ಒಂದು ಕಡೆ ಸವರಿದಂತೆ ನುಣುಪು, ಇನ್ನೊಂದು ಕಡೆ ಒರಟು. ಹಿಮಯುಗದಲ್ಲಿ ಉತ್ತರದಿಂದ ಬಂದ ಹಿಮದ ಗಡ್ಡೆ ಉಜ್ಜಿ ಹೋದ ಗುರುತು ಅದು. ನುಣುಪು ಕಡೆ ಉತ್ತರ, ಒರಟು ಕಡೆ ದಕ್ಷಿಣ. ಮಕ್ಕಳಿಗೆ ಇದೊಂದು ದಿಕ್ಸೂಚಿ. ಆ ಹಿಮದ ಭಾರಕ್ಕೆ ಕುಗ್ಗಿದ ನೆಲ ಇನ್ನೂ ಮೇಲೇಳುತ್ತಲೇ ಇದೆ. ಸ್ಟಾಕ್‌ಹೋಮ್ ಸುತ್ತ ವರ್ಷಕ್ಕೆ ಸುಮಾರು 5 ಮಿಲಿಮೀಟರ್. ಕೇಳಲು ಏನೂ ಅಲ್ಲ ಅನಿಸುತ್ತದೆ. ಸಾವಿರ ವರ್ಷಕ್ಕೆ ಲೆಕ್ಕ ಹಾಕಿ, ಐದು ಮೀಟರ್ ಆಯಿತು. ವೈಕಿಂಗರ ಕಾಲದಲ್ಲಿ ಇಂದಿನ ಮೇಲಾರನ್ ಸರೋವರ ಸಮುದ್ರದ ಕೊಲ್ಲಿಯಾಗಿತ್ತು.

ಈ ಲೆಕ್ಕ ತಲೆಯಲ್ಲಿಟ್ಟುಕೊಂಡು ಒಂದು ದಿನ ನಗರದ ಉತ್ತರಕ್ಕಿರುವ ತೇಬಿ ಕಡೆ ಹೋಗಿ. ಅದಕ್ಕೆ ಏಪ್ರಿಲ್ ಒಳ್ಳೆಯದು. ಹಿಮ ಕರಗಿರುತ್ತದೆ, ಹುಲ್ಲು ಇನ್ನೂ ಎತ್ತರ ಬೆಳೆದಿರುವುದಿಲ್ಲ, ಇಳಿಬಿಸಿಲಿಗೆ ಕಲ್ಲಿನ ಕೆತ್ತನೆ ಸ್ಪಷ್ಟವಾಗಿ ಕಾಣುತ್ತದೆ. ರೂಸ್‌ಲಾಗ್ಸ್‌ಬಾನನ್ ಎಂಬ ಸಣ್ಣ ಹಳಿಯ ರೈಲಿನಲ್ಲಿ ತೇಬಿ ಶಿರ್ಕ್‌ಬೀ ಸ್ಟೇಷನ್‌ಗೆ ಇಳಿದು ನಡೆಯಬಹುದು. ವಲ್ಲೆಂಟೂನಾ ಸರೋವರದ ಸುತ್ತ ಸುಮಾರು ಸಾವಿರ ವರ್ಷ ಹಳೆಯ ರೂನ್ ಕಲ್ಲುಗಳು, ಅಂದರೆ ಇಲ್ಲಿನ ಹಳೆಯ ಲಿಪಿಯಲ್ಲಿ ಬರಹ ಕೆತ್ತಿದ ಕಲ್ಲುಗಳಿವೆ. ಯಾರ್ಲಬಂಕೆ ಎಂಬ ಒಬ್ಬ ಊರ ಯಜಮಾನ ಜೌಗು ನೆಲದ ಮೇಲೆ ಸೇತುವೆ ಮಾಡಿಸಿ, ಬದುಕಿರುವಾಗಲೇ ತನ್ನ ನೆನಪಿಗೆ ತಾನೇ ಕಲ್ಲು ನಿಲ್ಲಿಸಿಕೊಂಡ. ಇಡೀ ತೇಬಿ ತನ್ನೊಬ್ಬನದೇ ಎಂದೂ ಅದರಲ್ಲಿ ಬರೆಸಿದ್ದಾನೆ.

ನನ್ನ ಮನಸ್ಸಿಗೆ ಹತ್ತಿರವಾದದ್ದು ಬ್ರೂಬೀ ಸೇತುವೆಯ ಬಳಿಯ ಇನ್ನೊಂದು ಕಲ್ಲು. ಎಸ್ಟ್ರಿಡ್ ಎಂಬ ಹೆಂಗಸು ತನ್ನ ಗಂಡ ಓಸ್ಟೆನ್‌ಗಾಗಿ ನಿಲ್ಲಿಸಿದ್ದು. ಅವನು ಜೆರುಸಲೇಮ್‌ಗೆ ಹೊರಟವನು, ಗ್ರೀಕರ ನಾಡಿನಲ್ಲಿ ಸತ್ತ ಎಂದು ಅದರಲ್ಲಿದೆ. ನಮ್ಮ ಊರುಗಳ ಗಡಿಯಲ್ಲಿ, ಕೆರೆ ಏರಿಯ ಮೇಲೆ ನಿಂತ ವೀರಗಲ್ಲುಗಳನ್ನು ನೋಡುತ್ತಾ ಬೆಳೆದವರಿಗೆ ಈ ಕಲ್ಲು ಅಪರಿಚಿತ ಅನಿಸುವುದಿಲ್ಲ. ಹೋದವನು ವಾಪಸ್ ಬರಲಿಲ್ಲ, ಉಳಿದವರು ದಾರಿ ಪಕ್ಕ ಒಂದು ಕಲ್ಲು ನಿಲ್ಲಿಸಿದರು. ಅದರ ಮುಂದೆ ಮೊದಲ ಸಲ ನಿಂತಾಗ ನನಗೆ ಬಹಳ ಹೊತ್ತು ಅಲ್ಲಿಂದ ಕಾಲು ಕೀಳಲಾಗಲಿಲ್ಲ.

ದ್ವೀಪಗಳ ಬಗ್ಗೆ ಹೇಳದಿದ್ದರೆ ಆಗುವುದಿಲ್ಲ. ಸ್ಟಾಕ್‌ಹೋಮ್‌ನ ಮುಂದೆ ಸಮುದ್ರದಲ್ಲಿ ದೊಡ್ಡದು ಚಿಕ್ಕದು ಸೇರಿ ಸುಮಾರು 30,000 ದ್ವೀಪಗಳಿವೆ. 2024ರಲ್ಲಿ ಇಪ್ಪತ್ತು ದ್ವೀಪಗಳನ್ನು ಸೇರಿಸಿ ಸುಮಾರು 270 ಕಿ.ಮೀ. ಉದ್ದದ ಚಾರಣದ ದಾರಿ ತೆರೆದಿದ್ದಾರೆ. ಒಂದು ದ್ವೀಪ ನಡೆದು ಮುಗಿಸಿ, ದೋಣಿ ಹತ್ತಿ, ಇನ್ನೊಂದಕ್ಕೆ ಇಳಿಯುವುದು. ನಿಮಗೆ ಒಂದು ದ್ವೀಪ ಸಾಕು: ಊತೋ. ಲೋಕಲ್ ಟ್ರೇನಿನಲ್ಲಿ ವೆಸ್ಟರ್‌ಹಾನಿಂಗೆ, ಅಲ್ಲಿಂದ ಬಸ್ಸಿನಲ್ಲಿ ಓರ್ಸ್ಟಾ ದಡ, ಅಲ್ಲಿಂದ ದೋಣಿ.

ಊತೋದಲ್ಲಿ ಹಳೆಯ ಕಬ್ಬಿಣದ ಗಣಿಗಳಿವೆ. 1879ರಲ್ಲಿ ಕೆಲಸ ನಿಂತಿತು. ಗುಂಡಿಗಳಲ್ಲಿ ಈಗ ನೀರು ತುಂಬಿದೆ. ಅತಿ ಆಳದ್ದು ಇನ್ನೂರು ಮೀಟರಿಗೂ ಜಾಸ್ತಿ. ಬೇಲಿಯಿದೆ, ಆದರೂ ಮಗನ ಕೈ ಬಿಡಬೇಡಿ. ಈ ಗಣಿಯ ಪೆಟಲೈಟ್ ಎಂಬ ಕಲ್ಲನ್ನು ಪರೀಕ್ಷಿಸುತ್ತಿದ್ದಾಗಲೇ 1817ರಲ್ಲಿ ಯೋಹಾನ್ ಆಗಸ್ಟ್ ಅರ್ವೆಡ್‌ಸನ್ ಎಂಬ ಯುವಕ ಲಿಥಿಯಂ ಕಂಡುಹಿಡಿದ. ನಿಮ್ಮ ಕಿಸೆಯ ಮೊಬೈಲಿನ ಬ್ಯಾಟರಿಯಲ್ಲಿರುವ ಲಿಥಿಯಂ ಮೊದಲ ಬಾರಿಗೆ ಗೊತ್ತಾದದ್ದು ಈ ದ್ವೀಪದ ಕಲ್ಲಿನಿಂದ! ಅಲ್ಲಿ ನಿಂತು ಮೊಬೈಲ್ ತೆಗೆದು ಮಕ್ಕಳಿಗೆ ತೋರಿಸಿ. ಜುಲೈನಲ್ಲಿ ದೋಣಿಯಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ಸೆಪ್ಟೆಂಬರ್‌ನಲ್ಲಿ ಹೋಗಿ. ದಾರಿ ಖಾಲಿ, ಕಾಡಿನಲ್ಲಿ ಲಿಂಗೊನ್ ಹಣ್ಣು ಕೆಂಪಾಗಿರುತ್ತದೆ. ಹೊರಡುವ ಮುಂಚೆ ಕೊನೆಯ ದೋಣಿಯ ಹೊತ್ತು ಬರೆದಿಟ್ಟುಕೊಳ್ಳಿ, ಬೇಸಿಗೆ ಮುಗಿದ ಮೇಲೆ ದೋಣಿಗಳು ಕಡಿಮೆ.

ಚಳಿಗಾಲ. ಇಲ್ಲಿಗೆ ಬಂದ ನಮ್ಮವರಲ್ಲಿ ಹೆಚ್ಚಿನವರು ನವೆಂಬರ್‌ನಿಂದ ಮಾರ್ಚ್‌ವರೆಗೆ ಮನೆ ಸೇರಿಬಿಡುತ್ತಾರೆ. ಆದರೆ ಈ ಊರಿನವರು ಕಾದು ಕೂರುವ ಹೊತ್ತು ಅದೇ. ಹಿಮ ಬೀಳುವ ಮುಂಚೆ ಕೆರೆ, ಕೊಲ್ಲಿಗಳು ಗಾಜಿನ ಹಾಗೆ ಹೆಪ್ಪುಗಟ್ಟಿದರೆ ಜನ ಉದ್ದ ಅಲಗಿನ ಸ್ಕೇಟ್ ಕಟ್ಟಿಕೊಂಡು ದಿನವಿಡೀ ಅದರ ಮೇಲೆ ಸಾಗುತ್ತಾರೆ. 1901ರಲ್ಲಿ ಶುರುವಾದ ಸ್ಕೇಟಿಂಗ್ ಕ್ಲಬ್ ಇಲ್ಲಿ ಇವತ್ತಿಗೂ ನಡೆಯುತ್ತಿದೆ. ತೆಳು ಮಂಜುಗಡ್ಡೆ ಹಾಡುತ್ತದೆ ಅಂದರೆ ನಂಬುತ್ತೀರಾ? ತಂತಿ ಮೀಟಿದ ಹಾಗೆ ಸದ್ದು ದಡದಿಂದ ದಡಕ್ಕೆ ಓಡುತ್ತದೆ.

ಇದರಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಗಟ್ಟಿಯಾದ ಹೊಸ ಮಂಜುಗಡ್ಡೆ ಕನಿಷ್ಠ 10 ಸೆಂ.ಮೀ. ದಪ್ಪ ಇರಬೇಕು. ವಸಂತದಲ್ಲಿ ಎಷ್ಟೇ ದಪ್ಪ ಕಂಡರೂ ಒಳಗೆ ಟೊಳ್ಳಾಗಿರುತ್ತದೆ, ನಂಬಬೇಡಿ. ನೀರು ಒಳಬರುವ, ಹೊರಹೋಗುವ ಬಾಯಿ, ಸೇತುವೆಯ ಕೆಳಗೆ, ಜೊಂಡು ಬೆಳೆದ ಅಂಚು, ಇವೆಲ್ಲ ಅಪಾಯ. ನನ್ನ ಮೂರನೇ ಚಳಿಗಾಲದಲ್ಲಿ ಜೊಂಡಿನ ಪಕ್ಕದಲ್ಲೇ ನಾನು ಎದೆಯವರೆಗೆ ಮುಳುಗಿದ್ದೆ. ನೀರಿನ ಚಳಿಗೆ ಉಸಿರೇ ನಿಂತಂತಾಯಿತು. ಅಂಚು ಹಿಡಿದರೆ ಕೈ ಜಾರುತ್ತಿತ್ತು. ಕುತ್ತಿಗೆಗೆ ನೇತುಹಾಕಿಕೊಂಡಿದ್ದ ಜೋಡಿ ಮೊಳೆಗಳನ್ನು ಮಂಜಿಗೆ ಚುಚ್ಚಿ ಎಳೆದುಕೊಂಡು ಹೊರಬಂದೆ. ಆ ಮೊಳೆಗಳಿಗೆ ಇಲ್ಲಿ ಈಸ್‌ಡುಬ್ಬರ್ ಅನ್ನುತ್ತಾರೆ, ಕ್ರೀಡಾ ಸಾಮಾನಿನ ಯಾವ ಅಂಗಡಿಯಲ್ಲೂ ಸಿಗುತ್ತವೆ. ಅವಿಲ್ಲದೆ ಹೆಜ್ಜೆ ಇಡಬೇಡಿ, ಒಬ್ಬರೇ ಹೋಗಬೇಡಿ. ಮೊದಲ ವರ್ಷ ಅನುಭವವಿದ್ದ ಗುಂಪಿನ ಜೊತೆಗೇ ಹೋಗಿ. ಮಕ್ಕಳಿಗೆ ಹೆಲ್ಲಾಸ್‌ಗೋರ್ಡನ್ ಕೆರೆಯಲ್ಲಿ ನೋಡಿಕೊಳ್ಳುವವರು ಮಂಜು ಗುಡಿಸಿ ಸ್ಕೇಟಿಂಗ್ ದಾರಿ ಮಾಡಿ ತೆರೆದಾಗ ಮಾತ್ರ ಇಳಿಸಿ.

ನಿಮ್ಮ ತಮ್ಮನಿಗೆ ಒಂದೇ ಮಾತು: ಫೆಬ್ರವರಿಯಲ್ಲಿ ಮೆಟ್ರೋದ ಒಂದನೇ ಲೈನ್ ಹತ್ತಿ ಕೊನೆಯ ಸ್ಟೇಷನ್ ಫ್ರೊಗ್ನರ್‌ಸೇಟೆರೆನ್‌ವರೆಗೆ ಹೋಗಲಿ. ಅಲ್ಲಿ ಜಾರುಬಂಡಿ ಬಾಡಿಗೆಗೆ ಸಿಗುತ್ತದೆ. ಕೊರ್ಕೆಟ್ರೆಕ್ಕೆರೆನ್ ಎಂಬ ಅಂಕುಡೊಂಕು ಇಳಿಜಾರು ಅಲ್ಲಿಂದಲೇ ಶುರು. ಎರಡು ಕಿಲೋಮೀಟರಿನಲ್ಲಿ 255 ಮೀಟರ್ ಇಳಿಯುತ್ತದೆ. ಕೆಳಗೆ ಮಿಡ್‌ಸ್ಟೂಯೆನ್‌ನಲ್ಲಿ ಜಾರುಬಂಡಿ ಹೊತ್ತು ಮತ್ತೆ ಮೆಟ್ರೋ ಹತ್ತುವುದು, ಮತ್ತೆ ಮೇಲಿಂದ ಜಾರುವುದು. ಬೇಸಿಗೆಯಲ್ಲಿ ಅದೇ ಸ್ಟೇಷನ್ನಿನಿಂದ ಓಸ್ಲೋದ ಕಾಡಿಗೆ ನಡೆಯಬಹುದು. ನಾರ್ವೆಯಲ್ಲೂ 1957ರ ಕಾಯ್ದೆಯಿಂದ ಇಂಥದೇ ಹಕ್ಕಿದೆ. ಟೆಂಟ್ ಮಾತ್ರ ಮನೆಗಳಿಂದ 150 ಮೀಟರ್ ದೂರ ಇರಬೇಕು. ಏಪ್ರಿಲ್ 15ರಿಂದ ಸೆಪ್ಟೆಂಬರ್ 15ರವರೆಗೆ ಕಾಡಿನಲ್ಲೂ ಕಾಡಿನ ಹತ್ತಿರವೂ ಬೆಂಕಿ ಹಾಕುವ ಹಾಗಿಲ್ಲ.

ಇನ್ನು ರಾತ್ರಿಯ ಭಯ. ಸ್ಟಾಕ್‌ಹೋಮ್ ಸುತ್ತಿನ ಕಾಡು ಕರಡಿಗಳ ನಾಡಲ್ಲ, ಅವು ಇರುವುದು ಇನ್ನೂ ಉತ್ತರಕ್ಕೆ. ಎಲ್ಕ್, ಕಾಡುಹಂದಿ ಇವೆ. ಮಾತಾಡುತ್ತಾ ನಡೆದರೆ ಅವೇ ದೂರ ಹೋಗುತ್ತವೆ. ಸ್ವೀಡನ್ನಿನಲ್ಲಿ ವಿಷದ ಹಾವು ಒಂದೇ ಜಾತಿ, ಹುಗ್‌ಒರ್ಮ್. ಬೆನ್ನ ಮೇಲೆ ಅಂಕುಡೊಂಕು ಪಟ್ಟೆ ಇರುತ್ತದೆ. ಕಚ್ಚಿದರೆ ಅಲುಗಾಡದೆ ಕೂತು 112ಕ್ಕೆ ಫೋನ್ ಮಾಡಿ.

ನಿಜವಾಗಿ ಹೆದರಬೇಕಾದದ್ದು ಉಣುಗಿಗೆ. ನಿಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗೊತ್ತಾದ ಮಂಗನ ಕಾಯಿಲೆಯ ವೈರಸ್ಸೂ ಇಲ್ಲಿನ ಉಣುಗು ಹರಡುವ ಟಿಬಿಇ ಎಂಬ ಮಿದುಳು ಜ್ವರದ ವೈರಸ್ಸೂ ಒಂದೇ ಕುಟುಂಬದವು. ಸ್ಟಾಕ್‌ಹೋಮ್ ಸುತ್ತಲೂ, ದ್ವೀಪಗಳಲ್ಲೂ ಟಿಬಿಇ ಇದೆ. ಒಳ್ಳೆಯ ಸುದ್ದಿಯೆಂದರೆ ಇದಕ್ಕೆ ಲಸಿಕೆ ಇದೆ, ಮಕ್ಕಳಿಗೂ ಕೊಡುತ್ತಾರೆ. ಮೊದಲ ಎರಡು ಡೋಸ್‌ಗಳ ನಡುವೆ ಒಂದರಿಂದ ಮೂರು ತಿಂಗಳು ಬಿಡಬೇಕಾದ್ದರಿಂದ ಚಳಿಗಾಲದಲ್ಲೇ ಶುರು ಮಾಡಿ. ಅದೇ ಉಣುಗು ಬೊರೇಲಿಯಾ ಎಂಬ ಇನ್ನೊಂದು ಕಾಯಿಲೆಯನ್ನೂ ತರುತ್ತದೆ, ಅದಕ್ಕೆ ಈ ಲಸಿಕೆ ಉಪಯೋಗಕ್ಕೆ ಬರುವುದಿಲ್ಲ. ಹಾಗಾಗಿ ಪ್ಯಾಂಟನ್ನು ಸಾಕ್ಸ್ ಒಳಗೆ ಸಿಕ್ಕಿಸಿ. ಮನೆಗೆ ಬಂದ ಕೂಡಲೇ ಮಕ್ಕಳ ಮಂಡಿಯ ಹಿಂದೆ, ಕಂಕುಳು, ಕಿವಿಯ ಹಿಂಭಾಗ ನೋಡಿ. ಕಚ್ಚಿದ ಜಾಗದ ಸುತ್ತ ಆಮೇಲೆ ಕೆಂಪು ಬಳೆ ಹರಡಿದರೆ ಡಾಕ್ಟರಿಗೆ ತೋರಿಸಿ.

ಅಣಬೆಯ ಬಗ್ಗೆಯೂ ಎಚ್ಚರ. ಊರಿನ ಹೆಗ್ಗಾಲಣಬೆ ಗೊತ್ತು ಎಂಬ ಧೈರ್ಯದಲ್ಲಿ ಇಲ್ಲಿ ಬಿಳಿ ಅಣಬೆ ಮುಟ್ಟಬೇಡಿ. ವೀಟ್ ಫ್ಲೂಗ್‌ಸ್ವಾಂಪ್ ಎಂಬ ಅಚ್ಚ ಬಿಳಿಯ ಅಣಬೆ ಜೀವ ತೆಗೆಯುತ್ತದೆ. ಮೊದಲ ವರ್ಷ ಬರೀ ಹಳದಿ ಕಾಂತರೆಲ್, ಅದೂ ಗೊತ್ತಿದ್ದವರು ತೋರಿಸಿಕೊಟ್ಟ ಮೇಲೆ. ನೀಲಿ ಬ್ಲೂಬೆರಿಗೆ ಆ ಚಿಂತೆಯಿಲ್ಲ, ಆಗಸ್ಟ್‌ನಲ್ಲಿ ಮಕ್ಕಳ ನಾಲಿಗೆ ನೇರಳೆಯಾಗುವವರೆಗೆ ತಿನ್ನಲಿ.

ಸಾಮಾನಿಗೆ ಜಾಸ್ತಿ ದುಡ್ಡು ಹಾಕಬೇಡಿ. ಉಣ್ಣೆಯ ಒಳಅಂಗಿ ಪ್ರತಿಯೊಬ್ಬರಿಗೂ ಒಂದು ಜೊತೆ, ಕೂರಲು ಫೋಮ್ ತುಂಡು, ಒಂದು ಸ್ಪಿರಿಟ್ ಸ್ಟೋವ್, ತಲೆಗೆ ಕಟ್ಟುವ ಟಾರ್ಚ್. ಹತ್ತಿ ಬಟ್ಟೆ ಒದ್ದೆಯಾದರೆ ಮೈ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ, ಜೀನ್ಸ್ ಮನೆಯಲ್ಲೇ ಬಿಡಿ. ಮಕ್ಕಳ ಬೂಟು, ಮಳೆ ಬಟ್ಟೆಯನ್ನು ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲೇ ತೆಗೆದುಕೊಳ್ಳಿ, ಹೇಗಿದ್ದರೂ ಒಂದೇ ವರ್ಷ. ರವೆಯನ್ನು ಮನೆಯಲ್ಲೇ ಒಗ್ಗರಣೆ ಹಾಕಿ ಹುರಿದು ಡಬ್ಬಿಗೆ ತುಂಬಿಕೊಂಡರೆ ಕಾಡಿನಲ್ಲಿ ಬಿಸಿನೀರು ಹಾಕಿ ಐದು ನಿಮಿಷಕ್ಕೆ ಉಪ್ಪಿಟ್ಟು.

ಜೂನ್‌ನಲ್ಲಿ ಮಳೆ ಇಲ್ಲದ ಒಂದು ಶುಕ್ರವಾರ ನೋಡಿಕೊಳ್ಳಿ. ಹುಣ್ಣಿಮೆಗಾಗಿ ಕಾಯಬೇಕಿಲ್ಲ, ಆ ರಾತ್ರಿಗಳಿಗೆ ಚಂದ್ರ ಬೇಕಾಗುವುದಿಲ್ಲ. ಸೊಳ್ಳೆಗೆ ಹಚ್ಚುವ ಎಣ್ಣೆ ಮರೆಯಬೇಡಿ. ಬ್ಯೋರ್ಕ್‌ಹಾಗನ್‌ನಲ್ಲಿ ಇಳಿದ ಮೇಲೆ ಮೊದಲ ಕಿತ್ತಳೆ ಗುರುತನ್ನು ಮಗನೇ ಹುಡುಕಲಿ.